ಹಾರ್ಡ್ ಡಿಸ್ಕಿನ ಹೊರಪೆಟ್ಟಿಗೆ: ಒಬ್ಬ ದುಭಾಷಿಯ ಇತಿಹಾಸ

ಕಟ್ಟಾಯದ ನಿವೃತ್ತ ಮೇಷ್ಟ್ರೊಬ್ಬರು ಒಂದು ಭಾನುವಾರ ಹಾಸನದ ನಮ್ಮ ಮನೆಗೆ ಬಂದರು. ಕೈಯಲ್ಲಿ ಬಟ್ಟೆಯ ಚೀಲ. ಚೀಲದೊಳಗೆ ಹಳೆಯ ಟವೆಲಿನಲ್ಲಿ ಸುತ್ತಿದ ಒಂದು ಹಾರ್ಡ್ ಡಿಸ್ಕ್. 2003ರಲ್ಲಿ ಕೊಂಡಿದ್ದ ಕಂಪ್ಯೂಟರ್ ಕೆಟ್ಟು ಮೂಲೆ ಸೇರಿದಾಗ ಅದರೊಳಗಿನಿಂದ ಬಿಚ್ಚಿಟ್ಟುಕೊಂಡದ್ದು. ಸಾಮರ್ಥ್ಯ 40 ಗಿಗಾಬೈಟ್.

ಮೇಷ್ಟ್ರು ತೋಟದ ಅಂಚಿನಲ್ಲಿ ಮಳೆಮಾಪಕ ನೆಟ್ಟು, ದಿನವೂ ಬೆಳಿಗ್ಗೆ ಎಂಟೂವರೆಗೆ ಅಳೆದು ಬರೆದಿಡುತ್ತಿದ್ದವರು. ಹವಾಮಾನ ಇಲಾಖೆಯವರು ಅಳೆಯುವುದೂ ಅದೇ ಹೊತ್ತಿಗೆ. ಹಾಸನ ಜಿಲ್ಲೆಯ ಮಳೆ ಒಂದೇ ಸಮನಾದುದಲ್ಲ. ಸಕಲೇಶಪುರದ ಘಟ್ಟದಿಂದ ಪೂರ್ವಕ್ಕೆ ಚನ್ನರಾಯಪಟ್ಟಣದ ಕಡೆಗೆ ಬಂದಂತೆ ಅದು ವೇಗವಾಗಿ ಇಳಿಯುತ್ತದೆ. ಮಲೆನಾಡೂ ಅಲ್ಲದ, ಪೂರ್ತಿ ಬಯಲೂ ಅಲ್ಲದ ಕಟ್ಟಾಯದಂಥ ಕಡೆ ಒಬ್ಬರೇ ಮನುಷ್ಯರು ಒಂದೇ ಜಾಗದಲ್ಲಿ ಹಲವು ವರ್ಷ ಬಿಡದೆ ಅಳೆದ ಲೆಕ್ಕ ಅಪರೂಪದ್ದು. ಕಂಪ್ಯೂಟರ್ ಬಂದ ಮೇಲೆ ಹಳೆಯ ಪುಸ್ತಕಗಳ ಅಂಕಿಗಳನ್ನೆಲ್ಲ ಅದಕ್ಕೆ ಏರಿಸಿದರು. ಆಮೇಲೆ ಪುಸ್ತಕಗಳಿಗೆ ಗೆದ್ದಲು ಹಿಡಿಯಿತು. ಈಗ ಉಳಿದಿದ್ದುದು ಈ ಡಿಸ್ಕ್ ಮಾತ್ರ.

“ಅಂಗಡೀಲಿ ಕೇಳ್ದೆ ಸಾರ್. ಇದಕ್ಕೆ ಹಾಕೋ ಕೇಬಲ್ಲೇ ಈಗ ಬರಲ್ಲ, ಎಸೀರಿ ಅಂದ್ರು. ಕೆಟ್ಟಿದ್ರೆ ಎಸೀಬಹುದು. ಕೆಟ್ಟಿದೆಯೋ ಇಲ್ವೋ ಅಂತಾನೇ ಗೊತ್ತಿಲ್ವಲ್ಲ!”

“ತಂದದ್ದು ಒಳ್ಳೇದಾಯ್ತು ಮೇಷ್ಟ್ರೆ, ನೋಡೋಣ” ಎಂದೆ. ನನ್ನ ಬೀರುವಿನಲ್ಲಿ ಒಂದು ಹಳೆಯ ಡಿಸ್ಕ್ ಕೇಸಿಂಗ್ ಇತ್ತು. ಬೆಂಗಳೂರಿನ ಎಸ್.ಪಿ. ರಸ್ತೆಯ, ಅಂದರೆ ಸಾದರ ಪಾತ್ರಪ್ಪ ರಸ್ತೆಯ, ಒಂದು ಕಿಷ್ಕಿಂಧೆಯಂಥ ಮಳಿಗೆಯಲ್ಲಿ 2005ರಲ್ಲಿ ಕೊಂಡದ್ದು. ಅಲ್ಯೂಮಿನಿಯಮ್ಮಿನ ಪೆಟ್ಟಿಗೆ, ಒಳಗೆ ಅಂಗೈಗಿಂತ ಚಿಕ್ಕದಾದ ಒಂದು ಮಂಡಲ ಫಲಕ, ಹಿಂದೆ ಯು.ಎಸ್.ಬಿ. ಕಿಂಡಿ, ಜೊತೆಗೊಂದು ಅಡಾಪ್ಟರ್. ನೋಡುವವರಿಗೆ ಅದು ಬರೀ ಡಬ್ಬ. ಆದರೆ ಆ ಫಲಕದ ಮೇಲಿನ ಒಂದು ಚಿಪ್ಪು ಡಿಸ್ಕಿನ ಭಾಷೆಯನ್ನು ಕಂಪ್ಯೂಟರಿಗೂ ಕಂಪ್ಯೂಟರಿನ ಭಾಷೆಯನ್ನು ಡಿಸ್ಕಿಗೂ ತಿಳಿಸುವ ದುಭಾಷಿ. ತಟ್ಟೆಯ ಮೇಲಿನ ಕಾಂತೀಯ ಗುರುತುಗಳು ಅಳಿಯುವುದಕ್ಕೆ ಬಹಳ ಮೊದಲೇ ಈ ದುಭಾಷಿಗಳು ಮಾರುಕಟ್ಟೆಯಿಂದ ಮಾಯವಾಗುತ್ತಾರೆ. ಮೇಷ್ಟ್ರ ಡಿಸ್ಕಿಗೆ ಆಗಿದ್ದುದು ಅದೇ. ಹೀಗೇಕಾಯಿತು ಎಂದು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಬೀರುವಿನಷ್ಟು ದೊಡ್ಡ ಡಿಸ್ಕ್

ಮೊದಮೊದಲು ಎಲ್ಲ ಹಾರ್ಡ್ ಡಿಸ್ಕುಗಳೂ ಕಂಪ್ಯೂಟರಿನ ಹೊರಗೇ ಇದ್ದವು. 1956ರಲ್ಲಿ ಐ.ಬಿ.ಎಂ. ಸಂಸ್ಥೆ ತನ್ನ 305 ರಾಮಾಕ್ ಗಣಕದೊಂದಿಗೆ ತಂದ ಪ್ರಪಂಚದ ಮೊದಲ ಹಾರ್ಡ್ ಡಿಸ್ಕ್ ಘಟಕ ಎರಡು ಬೀರುಗಳಷ್ಟು ದೊಡ್ಡದು, ಸುಮಾರು ಒಂದು ಟನ್ ತೂಕ. ಒಳಗೆ 61 ಸೆಂಟಿಮೀಟರ್ ವ್ಯಾಸದ 50 ತಟ್ಟೆಗಳು ನಿಮಿಷಕ್ಕೆ 1200 ಸುತ್ತು ತಿರುಗುತ್ತಿದ್ದವು. ಅಷ್ಟೆಲ್ಲ ಸೇರಿ ಹಿಡಿಸುತ್ತಿದ್ದುದು 50 ಲಕ್ಷ ಅಕ್ಷರಗಳು. ಇಂದಿನ ಮೊಬೈಲಿನಲ್ಲಿ ತೆಗೆದ ಒಂದೇ ಒಂದು ಫೋಟೊ ಅದರಲ್ಲಿ ಕಷ್ಟಪಟ್ಟು ಕೂರುತ್ತಿತ್ತು. ಓದುವ ತಲೆ ತಟ್ಟೆಗೆ ತಗಲದಂತೆ ಒತ್ತಡದ ಗಾಳಿಯನ್ನು ಊದಿ ಸುಮಾರು 20 ಮೈಕ್ರಾನ್ ಅಂತರ ಇಡಲಾಗುತ್ತಿತ್ತು.

1962ರಲ್ಲಿ ಅದೇ ಸಂಸ್ಥೆಯ 1311 ಎಂಬ ಘಟಕ ಬಂದಿತು. ಇದರಲ್ಲಿ ತಟ್ಟೆಗಳ ಕಟ್ಟನ್ನೇ ಎತ್ತಿ ಹೊರತೆಗೆಯಬಹುದಾಗಿತ್ತು. ಕಟ್ಟಿನ ತೂಕ ಸುಮಾರು 4.5 ಕಿಲೋಗ್ರಾಂ, ಮೇಲೊಂದು ಪಾರದರ್ಶಕ ಮುಚ್ಚಳ, ಎತ್ತಲು ಹಿಡಿ. ಒಂದು ಕಡೆಯ ಮಾಹಿತಿಯನ್ನು ಮತ್ತೊಂದು ಕಡೆಗೆ ಕೈಯಲ್ಲಿ ಹೊತ್ತೊಯ್ಯುವುದು ಹೀಗೆ ಆರಂಭವಾಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಗಣಕ ಕೇಂದ್ರ 1970ರಲ್ಲಿ ಐ.ಬಿ.ಎಂ. 360/44 ಗಣಕದೊಂದಿಗೆ ಕೆಲಸ ಆರಂಭಿಸಿದಾಗ, ಇಂಥ ಬಿಚ್ಚಿ ತೆಗೆಯುವ ಡಿಸ್ಕುಗಳೇ ಪ್ರಪಂಚದಾದ್ಯಂತ ರೂಢಿಯಲ್ಲಿದ್ದವು.

ಆದರೆ ತಟ್ಟೆ ಹೊರಬಂದರೆ ಧೂಳೂ ಒಳಹೊಗುತ್ತದೆ. ತಲೆ ಮತ್ತು ತಟ್ಟೆಯ ಅಂತರ ಕಿರಿದಾದಷ್ಟೂ ಮಾಹಿತಿಯನ್ನು ಒತ್ತಾಗಿ ಬರೆಯಬಹುದು; ಅಂತರ ಕಿರಿದಾದಷ್ಟೂ ಧೂಳಿನ ಕಣ ದೊಡ್ಡ ಬಂಡೆಯಾಗುತ್ತದೆ. 1973ರಲ್ಲಿ ಬಂದ 3340 ಎಂಬ ಘಟಕದಲ್ಲಿ ತಟ್ಟೆ, ತಲೆ, ತಲೆಯನ್ನು ಹೊತ್ತ ತೋಳು ಎಲ್ಲವನ್ನೂ ಒಂದೇ ಮುಚ್ಚಿದ ಕೋಶದಲ್ಲಿ ಇಟ್ಟರು. ತಲಾ 30 ಮೆಗಾಬೈಟಿನ ಎರಡು ಡಿಸ್ಕುಗಳ ಯೋಜನೆಯಾಗಿದ್ದುದರಿಂದ, 30-30 ಎಂಬ ತೋಟಾ ಹಾಕುವ ಪ್ರಸಿದ್ಧ ಬಂದೂಕಿನ ನೆನಪಿನಲ್ಲಿ ಇದಕ್ಕೆ ‘ವಿಂಚೆಸ್ಟರ್’ ಎಂಬ ಅಡ್ಡಹೆಸರು ಬಿತ್ತು. ಇಂದಿನ ಹಾರ್ಡ್ ಡಿಸ್ಕುಗಳೆಲ್ಲ ಈ ವಿಂಚೆಸ್ಟರ್ ವಂಶದವೇ.

ಇಲ್ಲೊಂದು ತಪ್ಪು ತಿಳಿವಳಿಕೆಯನ್ನು ತಿದ್ದಬೇಕು. ಡಿಸ್ಕಿನ ಒಳಗೆ ನಿರ್ವಾತ ಇದೆ ಎಂದು ನಮ್ಮ ಪದವಿ ವಿದ್ಯಾರ್ಥಿಗಳಲ್ಲಿ ಅರ್ಧ ಜನ ಬರೆಯುತ್ತಾರೆ. ನಿರ್ವಾತವಿದ್ದರೆ ತಲೆ ತೇಲುವುದೇ ಇಲ್ಲ! ತಿರುಗುವ ತಟ್ಟೆ ಎಳೆದು ತರುವ ಗಾಳಿಯ ತೆಳುಪದರವೇ ತಲೆಗೆ ಆಸರೆ. ಅದಕ್ಕಾಗಿಯೇ ಸಾಧಾರಣ ಡಿಸ್ಕಿನ ಮೈಮೇಲೆ ಶೋಧಕ ಹಚ್ಚಿದ ಒಂದು ಉಸಿರುರಂಧ್ರ ಇರುತ್ತದೆ. ‘ಇದನ್ನು ಮುಚ್ಚಬೇಡಿ’ ಎಂದು ಪಕ್ಕದಲ್ಲಿ ಬರೆದಿರುತ್ತಾರೆ. 2013ರಿಂದ ಬಂದ ಹೀಲಿಯಮ್ ತುಂಬಿದ ಡಿಸ್ಕುಗಳು ಮಾತ್ರ ಪೂರ್ತಿ ಬೆಸೆದವು. ನಿಮಿಷಕ್ಕೆ 7200 ಸುತ್ತು ತಿರುಗುವ ಮೂರೂವರೆ ಅಂಗುಲದ ಡಿಸ್ಕಿನಲ್ಲಿ ತಟ್ಟೆಯ ಅಂಚಿನ ವೇಗ ಗಂಟೆಗೆ ಸುಮಾರು 130 ಕಿಲೋಮೀಟರ್. ತಲೆ ತೇಲುವ ಎತ್ತರ ಕೆಲವೇ ನ್ಯಾನೋಮೀಟರ್. ಓಡುತ್ತಿರುವ ಡಿಸ್ಕನ್ನು ಮೇಜಿನ ಮೇಲೆ ಕುಕ್ಕಬಾರದು ಎಂಬುದಕ್ಕೆ ಬೇರೆ ಕಾರಣ ಬೇಕಿಲ್ಲ.

ಹಾಗಾಗಿ ಪೆಟ್ಟಿಗೆಗಳು ಎರಡು. ಒಳಗಿನ ಮುಚ್ಚಿದ ಕೋಶ ಒಂದು. ಇದನ್ನು ನಾವು ನೀವು ತೆರೆಯುವಂತಿಲ್ಲ. ಅದಕ್ಕೆ ವಿದ್ಯುತ್ತು ಕೊಟ್ಟು ಮಾತು ತರ್ಜುಮೆ ಮಾಡುವ ಹೊರಪೆಟ್ಟಿಗೆ ಮತ್ತೊಂದು. ಮುಂದಿನ ಕಥೆ ಈ ಎರಡನೆಯದರದು.

ಮೇಜಿನ ಮೇಲಕ್ಕೆ

1980ರಲ್ಲಿ ಅಲನ್ ಶುಗಾರ್ಟ್ ಮತ್ತು ಸಂಗಡಿಗರ ಕಂಪನಿ, ಮುಂದೆ ಸೀಗೇಟ್ ಎಂದು ಹೆಸರಾದದ್ದು, ಎಸ್.ಟಿ.-506 ಎಂಬ ಐದೂಕಾಲು ಅಂಗುಲದ, 5 ಮೆಗಾಬೈಟಿನ ಡಿಸ್ಕನ್ನು ಮಾಡಿತು. ಮರುವರ್ಷ ಆಪಲ್ ಕಂಪನಿ ಅಂಥದೇ ಡಿಸ್ಕನ್ನು ಒಂದು ಪ್ರತ್ಯೇಕ ಪೆಟ್ಟಿಗೆಯಲ್ಲಿಟ್ಟು ‘ಪ್ರೊಫೈಲ್’ ಎಂಬ ಹೆಸರಿನಲ್ಲಿ ಮಾರಿತು. ಬೆಲೆ 3499 ಡಾಲರ್. ಪೆಟ್ಟಿಗೆಯೊಳಗೆ ಅದರದೇ ವಿದ್ಯುತ್ ಪೂರೈಕೆ, ಅದರದೇ ನಿಯಂತ್ರಕ ಫಲಕ. ಇಂದಿನ ಹೊರಪೆಟ್ಟಿಗೆಯ ಎಲ್ಲ ಅಂಗಗಳೂ ಅದರಲ್ಲಿದ್ದವು. 1983ರಲ್ಲಿ ಐ.ಬಿ.ಎಂ. ತನ್ನ ಪಿ.ಸಿ.ಗೆ ಹೊಂದುವ ವಿಸ್ತರಣಾ ಘಟಕವನ್ನು ಹೊರತಂದಿತು. ಮೊದಲ ಪಿ.ಸಿ.ಯ ವಿದ್ಯುತ್ ಪೂರೈಕೆ ಹಾರ್ಡ್ ಡಿಸ್ಕನ್ನು ತಿರುಗಿಸಲು ಸಾಲದ್ದರಿಂದ, ಹೆಚ್ಚು ಕಡಿಮೆ ಇನ್ನೊಂದು ಕಂಪ್ಯೂಟರಿನಷ್ಟೇ ದೊಡ್ಡ ಪೆಟ್ಟಿಗೆಯನ್ನು ಪಕ್ಕದಲ್ಲಿಡಬೇಕಾಯಿತು.

ಎಸ್.ಟಿ.-506 ಡಿಸ್ಕಿನಲ್ಲಿ ಬುದ್ಧಿ ಎಂಬುದು ಇರಲಿಲ್ಲ. ತಲೆ ಓದಿದ ಸಂಜ್ಞೆ ಹೆಚ್ಚು ಕಡಿಮೆ ಹಸಿಯಾಗಿಯೇ ತಂತಿಯಲ್ಲಿ ಹೊರಬರುತ್ತಿತ್ತು. ಅದನ್ನು ಬಿಟ್ಟುಗಳಾಗಿ ಬಿಡಿಸುವುದು ಬೇರೊಂದು ನಿಯಂತ್ರಕ ಫಲಕದ ಕೆಲಸ. ಒಂದು ಮಾದರಿಯ ನಿಯಂತ್ರಕ ಬರೆದದ್ದನ್ನು ಇನ್ನೊಂದು ಮಾದರಿಯದು ಎಷ್ಟೋ ಸಲ ಓದುತ್ತಿರಲಿಲ್ಲ. ಡಿಸ್ಕ್ ಚೆನ್ನಾಗಿದ್ದೂ ನಿಯಂತ್ರಕ ಕಳೆದುಹೋದರೆ ಮಾಹಿತಿ ಹೋದಂತೆಯೇ. ಮೇಷ್ಟ್ರಿಗೆ ಬಂದ ಕಷ್ಟ ಆ ಕಾಲಕ್ಕೇ ಹುಟ್ಟಿತ್ತು.

ಸ್ಕಸಿ: ಗೋಡೆಗೆ ಕಟ್ಟಿದ ಹಗ್ಗ

ಇದಕ್ಕೆ ಒಂದು ಸಾಮಾನ್ಯ ಭಾಷೆ ಬೇಕಿತ್ತು. ಶುಗಾರ್ಟರ ಹಿಂದಿನ ಕಂಪನಿಯಲ್ಲಿ ಹುಟ್ಟಿದ ಒಂದು ಪದ್ಧತಿಯೇ ಬೆಳೆದು 1986ರಲ್ಲಿ ಅಮೆರಿಕದ ರಾಷ್ಟ್ರೀಯ ಮಾನಕವಾಯಿತು. ಅದರ ಹೆಸರನ್ನು ಎಂಜಿನಿಯರುಗಳು ‘ಸ್ಕಸಿ’ ಎಂದೇ ಉಚ್ಚರಿಸುತ್ತಾರೆ. ಅದೇ ವರ್ಷ ಬಂದ ಮ್ಯಾಕಿಂಟಾಷ್ ಪ್ಲಸ್ ಕಂಪ್ಯೂಟರಿನ ಬೆನ್ನಿಗೆ ಸ್ಕಸಿ ಕಿಂಡಿ ಇತ್ತು. ಒಂದರ ಬಾಲಕ್ಕೆ ಒಂದನ್ನು ಪೋಣಿಸುತ್ತ ಏಳು ಸಾಧನಗಳನ್ನು ಜೋಡಿಸಬಹುದಾಗಿತ್ತು.

ಸ್ಕಸಿಯ ಹೊಸತನ ತಂತಿಯಲ್ಲಿರಲಿಲ್ಲ, ಮಾತಿನಲ್ಲಿತ್ತು. ‘ಇಂಥ ತಟ್ಟೆಯ ಇಂಥ ವರ್ತುಲಕ್ಕೆ ತಲೆಯನ್ನು ಸರಿಸು’ ಎಂದು ಕಂಪ್ಯೂಟರ್ ಹೇಳುವುದು ತಪ್ಪಿತು. ‘ಇಷ್ಟನೆಯ ತುಣುಕಿನಿಂದ ಇಷ್ಟು ತುಣುಕು ಕೊಡು’ ಎಂದರೆ ಸಾಕು. ಅದು ಎಲ್ಲಿದೆ ಎಂದು ಹುಡುಕುವುದು ಡಿಸ್ಕಿನ ಜವಾಬ್ದಾರಿ. ಈ ಮಾತು ನೆನಪಿರಲಿ, ಮುಂದೆ ಇದು ಮತ್ತೆ ಬರುತ್ತದೆ.

ಸ್ಕಸಿಯನ್ನು ಬಳಸಿದವರು ಮರೆಯದ ವಸ್ತುವೊಂದಿದೆ: ‘ಟರ್ಮಿನೇಟರ್’. ಸಾಲಿನ ಕೊನೆಯ ಪೆಟ್ಟಿಗೆಗೆ ಸಿಕ್ಕಿಸಬೇಕಾದ ಒಂದು ಬಿರಡೆ. ಮರೆತರೆ ಡಿಸ್ಕ್ ಒಮ್ಮೆ ಕಾಣಿಸುತ್ತದೆ, ಒಮ್ಮೆ ಇಲ್ಲ. ಇದರ ಹಿಂದಿರುವುದು ಅಲೆಗಳ ಪಾಠ. ಹಗ್ಗದ ಒಂದು ತುದಿಯನ್ನು ಗೋಡೆಗೆ ಕಟ್ಟಿ ಇನ್ನೊಂದು ತುದಿಯಲ್ಲಿ ಜಗ್ಗಿದರೆ ಅಲೆ ಗೋಡೆಗೆ ಬಡಿದು ಹಿಂತಿರುಗುತ್ತದೆ. ತಂತಿಯಲ್ಲಿ ಓಡುವ ವಿದ್ಯುತ್ ಸಂಜ್ಞೆಯೂ ತುದಿ ಮುಟ್ಟಿ ಹಿಂತಿರುಗುತ್ತದೆ; ಹಿಂದೆ ಬರುತ್ತಿರುವ ಹೊಸ ಸಂಜ್ಞೆಯೊಡನೆ ಬೆರೆತು ಒಂದನ್ನು ಸೊನ್ನೆಯಾಗಿಸುತ್ತದೆ. ತಂತಿಯ ಸಹಜ ಪ್ರತಿಬಾಧೆಗೆ ಸಮೀಪದ ರೋಧವನ್ನು ತುದಿಯಲ್ಲಿಟ್ಟರೆ ಅಲೆ ಅಲ್ಲೇ ಹೀರಿಹೋಗುತ್ತದೆ. ಸ್ಕಸಿಯ ಬಿರಡೆಯಲ್ಲಿ ಪ್ರತಿ ತಂತಿಗೂ 5 ವೋಲ್ಟಿನ ಕಡೆಗೆ 220 ಓಮ್, ಭೂಮಿಯ ಕಡೆಗೆ 330 ಓಮ್ ರೋಧಕಗಳಿರುತ್ತಿದ್ದವು. ಎರಡರ ಸಮಾಂತರ ಬೆಲೆ 132 ಓಮ್. ವಿದ್ಯಾರ್ಥಿಗಳು ಬೇಕಾದರೆ ಲೆಕ್ಕ ಹಾಕಿ ನೋಡಬಹುದು. ಇಷ್ಟು ಮುತುವರ್ಜಿ ವಹಿಸಿದರೆ ಸಾಲು 6 ಮೀಟರ್ ಉದ್ದ ಇರಬಹುದಾಗಿತ್ತು. ಹೊರಗಿನ ಪೆಟ್ಟಿಗೆಗೆ ಬೇಕಾದದ್ದು ಈ ಉದ್ದವೇ.

ಆದರೆ ಸ್ಕಸಿ ದುಬಾರಿ. ಅಗ್ಗದ ಪಿ.ಸಿ.ಗಳಿಗೆ 1986ರ ಸುಮಾರಿಗೆ ಕಾಂಪ್ಯಾಕ್, ವೆಸ್ಟರ್ನ್ ಡಿಜಿಟಲ್ ಮೊದಲಾದ ಕಂಪನಿಗಳು ಐ.ಡಿ.ಇ. ಎಂಬ ಬೇರೆ ದಾರಿ ಹಿಡಿದವು. ನಿಯಂತ್ರಕ ಫಲಕವನ್ನೇ ಡಿಸ್ಕಿನ ಬೆನ್ನಿಗೆ ಅಂಟಿಸಿ, 40 ತಂತಿಗಳ ಚಪ್ಪಟೆ ಪಟ್ಟಿಯಿಂದ ಕಂಪ್ಯೂಟರಿಗೆ ಜೋಡಿಸಿದರು. ಬಿರಡೆ ಇಲ್ಲ, ಗೋಜಿಲ್ಲ. ಅದಕ್ಕೆ ತೆತ್ತ ಬೆಲೆ ಎಂದರೆ ಪಟ್ಟಿ 46 ಸೆಂಟಿಮೀಟರಿಗಿಂತ ಉದ್ದ ಇರುವಂತಿಲ್ಲ. ಹೀಗೆ ಡಿಸ್ಕ್ ಕಂಪ್ಯೂಟರಿನ ಒಳಗೇ ಬಂದಿಯಾಯಿತು.

ನಮ್ಮ ಊರುಗಳಿಗೆ ಕಂಪ್ಯೂಟರ್ ಬಂದದ್ದು ಈ ಐ.ಡಿ.ಇ. ಕಾಲದಲ್ಲಿ. 2000ದ ಆಸುಪಾಸಿನಲ್ಲಿ ಒಂದು ದೊಡ್ಡ ಕಡತವನ್ನು ಗೆಳೆಯನ ಮನೆಗೆ ಒಯ್ಯಬೇಕೆಂದರೆ ನಾವು ಡಬ್ಬದ ಸ್ಕ್ರೂ ಬಿಚ್ಚಿ ಡಿಸ್ಕನ್ನೇ ಕಿತ್ತು ಪತ್ರಿಕೆಯಲ್ಲಿ ಸುತ್ತಿ ಸ್ಕೂಟರಿನ ಡಿಕ್ಕಿಯಲ್ಲಿ ಹಾಕಿಕೊಂಡು ಹೋಗುತ್ತಿದ್ದೆವು. ಸ್ವಲ್ಪ ಅನುಕೂಲಸ್ಥರು ‘ಮೊಬೈಲ್ ರ‍್ಯಾಕ್’ ಹಾಕಿಸುತ್ತಿದ್ದರು: ಮೇಜಿನ ಡ್ರಾಯರಿನಂತೆ ಡಿಸ್ಕನ್ನು ಎಳೆದು ತೆಗೆಯುವ ತಟ್ಟು. ಅದರಲ್ಲಿ ದುಭಾಷಿ ಇರಲಿಲ್ಲ, ಬರೀ ಕೀಲು. ಕಂಪ್ಯೂಟರ್ ಆರಿಸದೆ ಎಳೆದು ಡಿಸ್ಕ್ ಕಳೆದುಕೊಂಡವರಲ್ಲಿ ನಾನೂ ಒಬ್ಬ. ಪ್ರಿಂಟರಿನ ಸಮಾಂತರ ಕಿಂಡಿಗೆ ಜೋಡಿಸುವ ಜಿಪ್ ಡ್ರೈವಿನಂಥವೂ 1990ರ ದಶಕದ ನಡುವೆ ಬಂದವು. ನಿಧಾನ, ಹಾಗೂ ನಮ್ಮ ಜೇಬಿಗೆ ಭಾರ.

ಸೆಪ್ಟೆಂಬರ್ 31ರ ದಾಖಲೆ

ಬಂದಿಯಾದ ಡಿಸ್ಕನ್ನು ಹೊರತಂದದ್ದು ಯು.ಎಸ್.ಬಿ. ವಡೋದರದಲ್ಲಿ ಹುಟ್ಟಿ ಇಂಟೆಲ್ ಕಂಪನಿ ಸೇರಿದ ಅಜಯ್ ಭಟ್ ಮತ್ತು ಅವರ ತಂಡದ ಹೆಸರು ಈ ಪದ್ಧತಿಯೊಂದಿಗೆ ಸೇರಿಕೊಂಡಿದೆ. ಮೊದಲ ಆವೃತ್ತಿ ಬಂದದ್ದು 1996ರ ಜನವರಿಯಲ್ಲಿ. ಗರಿಷ್ಠ ವೇಗ ಸೆಕೆಂಡಿಗೆ 12 ಮೆಗಾಬಿಟ್. ಕೀಲಿಮಣೆಗೆ, ಮೌಸಿಗೆ ಅದು ಧಾರಾಳ. ಡಿಸ್ಕಿಗೆ? ನಿಜವಾಗಿ ಸಿಗುತ್ತಿದ್ದುದು ಸೆಕೆಂಡಿಗೆ ಹೆಚ್ಚೆಂದರೆ ಒಂದು ಮೆಗಾಬೈಟ್. ಮೇಷ್ಟ್ರ 40 ಗಿಗಾಬೈಟನ್ನು ಆ ವೇಗದಲ್ಲಿ ಓದಲು 40,000 ಸೆಕೆಂಡು, ಅಂದರೆ ಹನ್ನೊಂದು ಗಂಟೆಗೂ ಹೆಚ್ಚು ಬೇಕು. 2000ದ ಏಪ್ರಿಲಿನಲ್ಲಿ ಯು.ಎಸ್.ಬಿ. 2.0 ಬಂದು ವೇಗ 480 ಮೆಗಾಬಿಟ್ಟಿಗೆ ಏರಿತು. ವ್ಯವಹಾರದಲ್ಲಿ ಸೆಕೆಂಡಿಗೆ 30 ಮೆಗಾಬೈಟ್ ಸಿಕ್ಕರೆ ಅದೇ ಕೆಲಸ ಇಪ್ಪತ್ತೆರಡು ಮೂರು ನಿಮಿಷದ್ದು. ಹೊರಪೆಟ್ಟಿಗೆ ಮನೆಮಾತಾದುದು ಈ ಆವೃತ್ತಿಯಿಂದ. 1995ರಲ್ಲಿ ಮಾನಕವಾದ, 400 ಮೆಗಾಬಿಟ್ಟಿನ ಫೈರ್‌ವೈರ್ ಅದಕ್ಕೂ ಮೊದಲೇ ಸೊಗಸಾಗಿ ಕೆಲಸ ಮಾಡುತ್ತಿತ್ತು. ವಿಡಿಯೊ ಸಂಕಲನದವರು ಅದನ್ನು ಬಹುಕಾಲ ಬಿಡಲಿಲ್ಲ. ಆದರೆ ಎಲ್ಲ ಪಿ.ಸಿ.ಗಳಲ್ಲೂ ಇದ್ದ ಕಿಂಡಿ ಯು.ಎಸ್.ಬಿ.ಯದೇ ಆಗಿತ್ತು. ತಂತ್ರಜ್ಞಾನದಲ್ಲಿ ಉತ್ತಮವಾದುದೇ ಉಳಿಯುತ್ತದೆ ಎಂಬುದನ್ನು ನಾನು ನಂಬುವುದಿಲ್ಲ. ಎಲ್ಲ ಕಡೆ ಸಿಗುವುದು ಉಳಿಯುತ್ತದೆ.

ವೇಗಕ್ಕಿಂತ ಮುಖ್ಯವಾದ ಬೆಳವಣಿಗೆ ಒಂದು ಒಣ ದಾಖಲೆಯಲ್ಲಿದೆ. ಯು.ಎಸ್.ಬಿ. ತಂತಿಯಲ್ಲಿ ಡಿಸ್ಕುಗಳು ಹೇಗೆ ಮಾತನಾಡಬೇಕು ಎಂಬುದನ್ನು ನಿಗದಿಪಡಿಸಿದ ಆ ದಾಖಲೆಯ ಮುಖಪುಟದಲ್ಲಿ 1999ರ ಸೆಪ್ಟೆಂಬರ್ 31 ಎಂಬ ದಿನಾಂಕ ಅಚ್ಚಾಗಿದೆ! ಇಲ್ಲದ ದಿನದಂದು ಹುಟ್ಟಿದ ಈ ನಿಯಮ ಇಂದಿಗೂ ಕೋಟ್ಯಂತರ ಪೆನ್ ಡ್ರೈವುಗಳನ್ನು ನಡೆಸುತ್ತಿದೆ. ಕಂಪ್ಯೂಟರ್ ಮೊದಲು 31 ಬೈಟುಗಳ ಒಂದು ಲಕೋಟೆಯನ್ನು ಕಳಿಸುತ್ತದೆ. ಆಮೇಲೆ ಮಾಹಿತಿ ಹರಿಯುತ್ತದೆ. ಕೊನೆಗೆ ಪೆಟ್ಟಿಗೆ 13 ಬೈಟುಗಳ ರಸೀತಿ ಕೊಡುತ್ತದೆ. ಲಕೋಟೆಯೊಳಗಿನ ಮಾತು ಯಾವ ಭಾಷೆಯದು? ಅದೇ ಹಳೆಯ ಸ್ಕಸಿಯದು. ದಪ್ಪ ಕೇಬಲ್ಲು, ಬಿರಡೆ ಎಲ್ಲ ಗುಜರಿಗೆ ಹೋದವು. ‘ಇಷ್ಟನೆಯ ತುಣುಕಿನಿಂದ ಇಷ್ಟು ಕೊಡು’ ಎಂಬ ಮಾತು ಮಾತ್ರ ಹಾಗೆಯೇ ಉಳಿಯಿತು. ಈ ನಿಯಮ ಎಲ್ಲರಿಗೂ ಒಂದೇ ಆದ್ದರಿಂದಲೇ ವಿಂಡೋಸ್ ಮಿ, 2000, ಎಕ್ಸ್‌ಪಿಗಳ ನಂತರ ಪ್ರತಿ ಪೆಟ್ಟಿಗೆಗೂ ಬೇರೆ ಬೇರೆ ಚಾಲಕ ತಂತ್ರಾಂಶದ ಸಿ.ಡಿ. ಹುಡುಕುವುದು ತಪ್ಪಿತು.

ಕೇಸಿಂಗಿನೊಳಗಿನ ಸೇತುವೆ ಚಿಪ್ಪಿನ ಕೆಲಸ ಈಗ ಸ್ಪಷ್ಟವಾಗುತ್ತದೆ. ಯು.ಎಸ್.ಬಿ. ಕಡೆಯಿಂದ ಲಕೋಟೆ ತೆರೆದು ಸ್ಕಸಿ ಮಾತನ್ನು ಓದುತ್ತದೆ. ಅದನ್ನು ಐ.ಡಿ.ಇ. ಡಿಸ್ಕಿಗೆ ತಿಳಿಯುವ ಮಾತಾಗಿಸುತ್ತದೆ. ಉತ್ತರವನ್ನು ಹಿಂದಿರುಗಿಸುತ್ತದೆ. 2003ರಲ್ಲಿ ಐ.ಡಿ.ಇ.ಯ ಅಗಲ ಪಟ್ಟಿಯ ಬದಲು ತೆಳು ತಂತಿಯ ಸಾಟಾ ಡಿಸ್ಕುಗಳು ಬಂದಾಗ ಚಿಪ್ಪಿನ ಒಂದು ಬದಿ ಬದಲಾಯಿತು. 2008ರ ನವೆಂಬರಿನಲ್ಲಿ ಯು.ಎಸ್.ಬಿ. 3.0 ಪ್ರಕಟವಾದಾಗ ಇನ್ನೊಂದು ಬದಿ.

ವಿದ್ಯುತ್ತಿನ ವಿಷಯ ಅಷ್ಟು ಸುಲಭದ್ದಲ್ಲ. ಯು.ಎಸ್.ಬಿ. 2.0 ಕಿಂಡಿ ಕೊಡುವ ಭರವಸೆ 5 ವೋಲ್ಟಿನಲ್ಲಿ 500 ಮಿಲಿಆಂಪಿಯರ್, ಅಂದರೆ ಎರಡೂವರೆ ವಾಟ್. ಲ್ಯಾಪ್‌ಟಾಪಿನ ಎರಡೂವರೆ ಅಂಗುಲದ ಡಿಸ್ಕ್ ತಿರುಗುತ್ತಿರುವಾಗ ಇಷ್ಟರಲ್ಲಿ ಬದುಕಬಲ್ಲದು. ನಿಂತಲ್ಲಿಂದ ಹೊರಡುವಾಗ ಬದುಕದು. ನಿಂತ ಬಂಡಿಯನ್ನು ತಳ್ಳಿ ಹೊರಡಿಸುವ ಕಷ್ಟ ಇಲ್ಲಿಯೂ ಇದೆ. ಕೆಲವು ಸೆಕೆಂಡು ಒಂದು ಆಂಪಿಯರಿನಷ್ಟು ಬೇಕಾಗಬಹುದು. ಎರಡು ಕಿಂಡಿಗಳಿಗೆ ಚುಚ್ಚುವ ಕವಲು ತಂತಿ ಬಂದದ್ದು ಇದಕ್ಕೇ. ಮೂರೂವರೆ ಅಂಗುಲದ ಡಿಸ್ಕಿಗಂತೂ ಮೋಟರಿಗೆ 12 ವೋಲ್ಟ್, ಮಂಡಲಕ್ಕೆ 5 ವೋಲ್ಟ್, ಎರಡೂ ಬೇಕು. ಅದಕ್ಕೇ ಪ್ರತ್ಯೇಕ ಅಡಾಪ್ಟರ್. ವಿದ್ಯುತ್ತು ಸಾಲದಾಗ ಡಿಸ್ಕ್ ತಿರುಗಲು ಯತ್ನಿಸಿ, ಸೋತು, ‘ಟಿಕ್ ಟಿಕ್’ ಎನ್ನುತ್ತದೆ. ಡಿಸ್ಕ್ ಸತ್ತಿತೆಂದು ಜನ ಎಸೆದುಬಿಡುತ್ತಾರೆ.

ದುಭಾಷಿಯ ತಪ್ಪುಗಳು

ಸ್ಕಸಿ ಭಾಷೆ ಒಂದೇ ಆದರೂ ದುಭಾಷಿಗಳೆಲ್ಲ ಒಂದೇ ಅಲ್ಲ. ಹಳೆಯ ಸೇತುವೆ ಚಿಪ್ಪುಗಳು ತುಣುಕಿನ ಸಂಖ್ಯೆಯನ್ನು ಬರೆಯಲು 28 ಬಿಟ್ ಬಳಸುತ್ತಿದ್ದವು. ಎರಡರ 28ನೆಯ ಘಾತವನ್ನು 512 ಬೈಟಿನಿಂದ ಗುಣಿಸಿದರೆ ಸುಮಾರು 137 ಗಿಗಾಬೈಟ್. ಅಂಥ ಪೆಟ್ಟಿಗೆಗೆ 200 ಗಿಗಾಬೈಟಿನ ಡಿಸ್ಕ್ ಹಾಕಿದರೆ ಆ ಗಡಿಯ ಆಚೆಗಿನದು ಕಾಣದು. ಕೆಲವು ಚಿಪ್ಪುಗಳಲ್ಲಿ ಎಣಿಕೆ ಮತ್ತೆ ಸೊನ್ನೆಯಿಂದ ಶುರುವಾಗಿ, ಕೊನೆಯಲ್ಲಿ ಬರೆದದ್ದು ಮೊದಲಿನದನ್ನು ಅಳಿಸುತ್ತಿತ್ತು. 32 ಬಿಟ್ಟಿನ ಮಿತಿ ಬಂದಾಗ ಇದೇ ಕಥೆ 2.2 ಟೆರಾಬೈಟಿನಲ್ಲಿ ಮರುಕಳಿಸಿತು.

ಆ ಎರಡನೆಯ ಮಿತಿಯನ್ನು ದಾಟಲು ಕೆಲವು ತಯಾರಕರು ಒಂದು ಉಪಾಯ ಮಾಡಿದರು. ಡಿಸ್ಕಿನ ತುಣುಕು 512 ಬೈಟಿನದಾದರೂ ಎಂಟೆಂಟನ್ನು ಸೇರಿಸಿ 4096 ಬೈಟಿನ ಒಂದು ತುಣುಕು ಎಂದು ಪೆಟ್ಟಿಗೆ ಕಂಪ್ಯೂಟರಿಗೆ ಹೇಳುತ್ತದೆ. ಪೆಟ್ಟಿಗೆಯಲ್ಲಿರುವಷ್ಟು ಕಾಲ ಎಲ್ಲ ಸರಿ. ಪೆಟ್ಟಿಗೆ ಕೆಟ್ಟಿತೆಂದು ಡಿಸ್ಕನ್ನು ಬಿಚ್ಚಿ ನೇರವಾಗಿ ಕಂಪ್ಯೂಟರಿಗೆ ಜೋಡಿಸಿದರೆ ‘ಈ ಡಿಸ್ಕನ್ನು ಫಾರ್ಮ್ಯಾಟ್ ಮಾಡಲೇ?’ ಎಂಬ ಪ್ರಶ್ನೆ ಬರುತ್ತದೆ. ಎಣಿಕೆಯ ಮೂಲಮಾನವೇ ಬದಲಾದುದರಿಂದ ವಿಳಾಸಗಳೆಲ್ಲ ತಪ್ಪಾಗಿರುತ್ತವೆ. ಇಲ್ಲಿ ‘ಹೌದು’ ಒತ್ತಿದವರ ಪಾಡು ಕೇಳಬೇಡಿ. ಇನ್ನು ಕೆಲವು ಸಿದ್ಧ ಹೊರಡಿಸ್ಕುಗಳಲ್ಲಿ ಪೆಟ್ಟಿಗೆಯ ಚಿಪ್ಪು, ನೀವು ಗುಪ್ತಪದ ಇಡದಿದ್ದರೂ, ಬರೆಯುವುದನ್ನೆಲ್ಲ ಗೂಢಲಿಪಿಗೆ ತಿರುಗಿಸಿ ಬರೆಯುತ್ತದೆ. ಆ ಫಲಕ ಸುಟ್ಟರೆ ತಟ್ಟೆಯ ಮೇಲಿರುವುದು ಯಾರಿಗೂ ಅರ್ಥವಾಗದ ಬಿಟ್ಟುಗಳ ರಾಶಿ. ಈಗಿನ ಎಷ್ಟೋ ಪುಟ್ಟ ಹೊರಡಿಸ್ಕುಗಳಲ್ಲಿ ಯು.ಎಸ್.ಬಿ. ಕಿಂಡಿಯನ್ನು ಡಿಸ್ಕಿನ ಸ್ವಂತ ಫಲಕಕ್ಕೇ ಬೆಸೆದಿರುತ್ತಾರೆ. ಬಿಚ್ಚಿ ಬೇರೆ ಪೆಟ್ಟಿಗೆಗೆ ಹಾಕೋಣವೆಂದರೆ ಸಾಟಾ ಕೀಲೇ ಇಲ್ಲ. ಖಾಲಿ ಕೇಸಿಂಗ್ ಕೊಂಡು ನಮ್ಮದೇ ಡಿಸ್ಕ್ ಹಾಕಿಕೊಳ್ಳುವುದು ಉತ್ತಮ ಎಂದು ನಾನು ಹೇಳುವುದು ಈ ಕಾರಣದಿಂದ.

2018ರ ಸುಮಾರಿನಿಂದ ತಟ್ಟೆಯೇ ಇಲ್ಲದ ಎನ್.ವಿ.ಎಂ.ಇ. ಘನಸ್ಥಿತಿ ಸಂಗ್ರಾಹಕಗಳಿಗೂ ಹೊರಪೆಟ್ಟಿಗೆಗಳು ಬಂದಿವೆ. ಇವುಗಳ ತೊಂದರೆ ಬಿಸಿ. ಅಲ್ಯೂಮಿನಿಯಮ್ ಮೈಯೇ ಇವಕ್ಕೆ ಶಾಖಹಾರಿ. ವರ್ಷಗಟ್ಟಲೆ ವಿದ್ಯುತ್ತಿಲ್ಲದೆ ಬೀರುವಿನಲ್ಲಿಟ್ಟರೆ ಇವುಗಳ ಕೋಶಗಳಲ್ಲಿನ ವಿದ್ಯುದಂಶ ಸೋರುವ ಭಯವೂ ಇದೆ. ಎತ್ತಿಡುವುದಕ್ಕೆ ತಿರುಗುವ ತಟ್ಟೆಯೇ ವಾಸಿ.

ಮಳೆಯ ಲೆಕ್ಕ

ಮೇಷ್ಟ್ರ ಡಿಸ್ಕಿನ ವಿಷಯಕ್ಕೆ ಬರುತ್ತೇನೆ. ಪೆಟ್ಟಿಗೆಗೆ ಹಾಕಿ ಸ್ವಿಚ್ ಒತ್ತಿದಾಗ ಕೇಳಿದ್ದು ಅದೇ ‘ಟಿಕ್ ಟಿಕ್’. ಮೇಷ್ಟ್ರ ಮುಖ ಸಣ್ಣದಾಯಿತು. ಮಲ್ಟಿಮೀಟರಿನಲ್ಲಿ ಅಡಾಪ್ಟರಿನ ತುದಿ ನೋಡಿದರೆ ಸರಿಯಾಗಿ 12 ವೋಲ್ಟ್ ಇದೆ. ಡಿಸ್ಕಿಗೆ ಜೋಡಿಸಿ ಹೊರಡುವ ಕ್ಷಣದಲ್ಲಿ ನೋಡಿದರೆ 9ಕ್ಕೆ ಇಳಿಯುತ್ತಿದೆ. ಹಲವು ವರ್ಷ ಸುಮ್ಮನೆ ಕೂತ ಅಡಾಪ್ಟರಿನ ಧಾರಕಗಳು ಒಣಗಿದ್ದವು. ಕೆಟ್ಟದ್ದು ಡಿಸ್ಕಲ್ಲ, ಅಡಾಪ್ಟರ್.

ಗುಜರಿಗೆ ಹಾಕಬೇಕೆಂದಿದ್ದ ಒಂದು ಕಂಪ್ಯೂಟರಿನ ವಿದ್ಯುತ್ ಪೂರೈಕೆ ಡಬ್ಬವನ್ನು ಬಿಚ್ಚಿದೆ. ಅದರ ದೊಡ್ಡ ಕೀಲಿನಲ್ಲಿರುವ ಹಸಿರು ತಂತಿಯನ್ನು ಪಕ್ಕದ ಕಪ್ಪು ತಂತಿಗೆ ಸೇರಿಸಿದರೆ ಅದು ಕಂಪ್ಯೂಟರಿಲ್ಲದೆಯೂ ಎಚ್ಚರಗೊಳ್ಳುತ್ತದೆ. ಪ್ರಯೋಗಾಲಯದಲ್ಲಿ ಹಲವರು ಮಾಡುವ ಕೆಲಸ ಇದು. ಅದರಿಂದ ಡಿಸ್ಕಿಗೆ 12 ಮತ್ತು 5 ವೋಲ್ಟ್ ಕೊಟ್ಟು, ಕೇಸಿಂಗಿನ ಫಲಕವನ್ನು ಮಾತಿಗೆ ಮಾತ್ರ ಬಳಸಿದೆ. ಡಿಸ್ಕ್ ತಿರುಗಿತು. ಆದರೂ ಕಂಪ್ಯೂಟರಿನಲ್ಲಿ ಕಾಣಿಸಲಿಲ್ಲ. ಡಿಸ್ಕಿನ ಹಿಂದಿನ ಪುಟ್ಟ ಜಂಪರ್ ‘ಸ್ಲೇವ್’ ಸ್ಥಾನದಲ್ಲಿತ್ತು. ಒಂದೇ ಪಟ್ಟಿಯಲ್ಲಿ ಎರಡು ಡಿಸ್ಕುಗಳಿದ್ದ ಕಾಲದ ಏರ್ಪಾಡು ಅದು. ಇಂಥ ಸೇತುವೆ ಚಿಪ್ಪುಗಳಿಗೆ ಸಾಮಾನ್ಯವಾಗಿ ‘ಮಾಸ್ಟರ್’ ಮಾತ್ರ ಗೊತ್ತು. ಚಿಮುಟದಿಂದ ಜಂಪರನ್ನು ಸರಿಸಿದ ಮೇಲೆ ಪರದೆಯ ಮೇಲೆ ಡಿಸ್ಕಿನ ಹೆಸರು ಮೂಡಿತು. “ಬಂತಾ ಸಾರ್?” ಎಂದು ಮೇಷ್ಟ್ರು ಕುರ್ಚಿಯಿಂದ ಎದ್ದೇಬಿಟ್ಟರು.

ನೇರವಾಗಿ ಕಡತ ತೆರೆಯಲು ನಾನು ಒಪ್ಪಲಿಲ್ಲ. ಇಂಥ ಮುದಿ ಡಿಸ್ಕಿನಿಂದ ಮೊದಲು ಇಡೀ ಪ್ರತಿಬಿಂಬವನ್ನು ಬೇರೆಡೆಗೆ ತೆಗೆದುಕೊಳ್ಳಬೇಕು. ‘ಡಿಡಿರೆಸ್ಕ್ಯೂ’ ಎಂಬ ಮುಕ್ತ ತಂತ್ರಾಂಶ ಸುಲಭವಾಗಿ ಓದಲಾಗುವ ಭಾಗಗಳನ್ನು ಮೊದಲು ಓದಿಕೊಂಡು, ಹಟ ಮಾಡುವ ತುಣುಕುಗಳಿಗೆ ಆಮೇಲೆ ಕೈಹಾಕುತ್ತದೆ. ಅರ್ಧ ಗಂಟೆಯಲ್ಲಿ ಮುಗಿಯಬೇಕಾದದ್ದು ರಾತ್ರಿ ಒಂಬತ್ತರವರೆಗೆ ನಡೆಯಿತು. ಮೇಷ್ಟ್ರು ಕಡೇ ಬಸ್ಸನ್ನೂ ಬಿಟ್ಟು ನಮ್ಮಲ್ಲೇ ಉಳಿದರು.

ಕಡತಗಳು ಸಿಕ್ಕವು. ತೆರೆದರೆ ಮತ್ತೊಂದು ಬೀಗ. ಮಳೆಯ ಅಂಕಿಗಳು ಸರಿಯಾಗಿದ್ದವು. ಪಕ್ಕದಲ್ಲಿ ಕನ್ನಡದಲ್ಲಿ ಬರೆದಿದ್ದ ಟಿಪ್ಪಣಿಗಳ ಜಾಗದಲ್ಲಿ ರೋಮನ್ ಅಕ್ಷರ, ತಲೆಯ ಮೇಲೆ ಗೀಟು ಹೊತ್ತ ಯುರೋಪಿನ ಅಕ್ಷರಗಳ ಕಲಸುಮೇಲೋಗರ. ಕನ್ನಡ ಗಣಕ ಪರಿಷತ್ತು ರೂಪಿಸಿದ ನುಡಿ ತಂತ್ರಾಂಶದ ಆರಂಭದ ಆವೃತ್ತಿಗಳಲ್ಲಿ ಕನ್ನಡದ ಅಕ್ಷರ ತುಂಡುಗಳನ್ನು ರೋಮನ್ ಅಕ್ಷರಗಳ ಸಂಕೇತ ಸ್ಥಾನಗಳಲ್ಲಿ ಕೂರಿಸಲಾಗುತ್ತಿತ್ತು. ಯುನಿಕೋಡಿನಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿದ್ದರೂ ನಮ್ಮ ಮೇಜುಗಳಿಗೆ ಅದು ಬಂದದ್ದು ತಡವಾಗಿ. ಇಲ್ಲಿಯೂ ಬೇಕಾದದ್ದು ದುಭಾಷಿಯೇ. ನುಡಿಯಿಂದ ಯುನಿಕೋಡಿಗೆ ಪರಿವರ್ತಿಸುವ ತಂತ್ರಾಂಶಗಳಿವೆ, ಹಾಕಿದೆ. ‘ಗುಡುಗು ಹೆಚ್ಚು, ಮಳೆ ಕಡಿಮೆ’, ‘ಹೊಳೆ ಕಡೆಯಿಂದ ಗಾಳಿ’, ‘ರಾಗಿ ಮಲಗಿತು’ ಎಂಬ ಸಾಲುಗಳು ಒಂದೊಂದಾಗಿ ಕನ್ನಡವಾದವು.

ಒಂದು ಕಡತ ಮಾತ್ರ ಪೂರ್ತಿ ದಕ್ಕಲಿಲ್ಲ. 2005ರ ಆಗಸ್ಟ್ ನಂತರದ ಸಾಲುಗಳಿದ್ದ ತುಣುಕುಗಳನ್ನು ಎಷ್ಟು ಸಲ ಕೇಳಿದರೂ ಡಿಸ್ಕ್ ಕೊಡಲಿಲ್ಲ. “ಆ ವರ್ಷ ಎಲ್ಲರಿಗೂ ಜ್ಞಾಪಕ ಇರೋ ಮಳೆ, ಊರಲ್ಲಿ ಕೇಳಿ ಬರೀಬಹುದಾ?” ಎಂದು ಮೇಷ್ಟ್ರು ಕೇಳಿದರು. ಬೇಡ ಮೇಷ್ಟ್ರೆ, ಖಾಲಿಯೇ ಇರಲಿ ಎಂದೆ. ಅವರು ತಲೆಯಾಡಿಸಿದರು.

ಈಗ ಆ ಅಂಕಿಗಳ ಮೂರು ಪ್ರತಿಗಳಿವೆ: ಮೇಷ್ಟ್ರ ಮೊಮ್ಮಗಳ ಲ್ಯಾಪ್‌ಟಾಪಿನಲ್ಲಿ, ನನ್ನ ಬಳಿಯ ಹೊಸ ಪೆಟ್ಟಿಗೆಯೊಂದರಲ್ಲಿ, ಮತ್ತು ಅವರ ಒತ್ತಾಯದ ಮೇಲೆ ಕಾಗದದಲ್ಲಿ. ಭಾರತೀಯ ವಿಜ್ಞಾನ ಸಂಸ್ಥೆಯ ನೆರವಿನಿಂದ ನಡೆದ, 2003ರಲ್ಲಿ ರಾಷ್ಟ್ರಪತಿ ಅಬ್ದುಲ್ ಕಲಾಂ ಉದ್ಘಾಟಿಸಿದ ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾದ ಜಾಲತಾಣವೇ ಮುಂದೆ ನಿಂತುಹೋಯಿತು. ಅದರಲ್ಲಿದ್ದ ಕನ್ನಡ ಪುಸ್ತಕಗಳು ಇಂದು ಓದಲು ಸಿಗುತ್ತಿರುವುದು ಇಂಟರ್ನೆಟ್ ಆರ್ಕೈವ್‌ನಲ್ಲಿ ಪ್ರತಿಗಳಿರುವುದರಿಂದ. ಮೇಷ್ಟ್ರು ಕಾಗದ ಕೇಳಿದಾಗ ನಾನು ನಗಲಿಲ್ಲ.

ಹಳೆಯ ಕೇಸಿಂಗಿಗೆ ಹೊಸ ಧಾರಕಗಳನ್ನು ಹಾಕಿ ಅಡಾಪ್ಟರನ್ನು ಸರಿಪಡಿಸಿದ್ದೇನೆ. ಎರಡನ್ನೂ ದಾರದಿಂದ ಒಟ್ಟಿಗೆ ಕಟ್ಟಿ, ‘12 ಮತ್ತು 5 ವೋಲ್ಟ್, ಐ.ಡಿ.ಇ., ಜಂಪರ್ ಮಾಸ್ಟರಿನಲ್ಲಿರಬೇಕು, 137 ಗಿಗಾಬೈಟಿಗಿಂತ ಹೆಚ್ಚಿನದು ಹಾಕಬೇಡಿ’ ಎಂದು ಚೀಟಿ ಅಂಟಿಸಿ ಬೀರುವಿನಲ್ಲಿಟ್ಟಿದ್ದೇನೆ. ಮೊನ್ನೆ ಅರಕಲಗೂಡಿನಿಂದ ಒಬ್ಬರು ಫೋನು ಮಾಡಿದ್ದರು, ಅವರಲ್ಲಿಯೂ ಒಂದು ಹಳೆಯ ಡಿಸ್ಕ್ ಇದೆಯಂತೆ.